ಬಾಡಿಗೆ ಬಗ್ಗೆ ಗಲಾಟೆ, ಸೆಟ್ಟಿಂಗ್ ಬಗ್ಗೆ ಮೌನ: ಬೆಳೆಗೆ ತಕ್ಕಂತೆ ಕಟಾವು ಯಂತ್ರ ಹೊಂದಿಸುವುದು ಹೇಗೆ?

ಪ್ರತಿ ಸುಗ್ಗಿಯಲ್ಲೂ ಒಂದು ಸುದ್ದಿ ತಪ್ಪದೆ ಬರುತ್ತದೆ. ಭತ್ತ ಕಟಾವು ಯಂತ್ರದ ಬಾಡಿಗೆ ಏರಿದೆ, ರೈತರು ತಹಶೀಲ್ದಾರ್ ಕಚೇರಿ ಮುಂದೆ ಕೂತಿದ್ದಾರೆ, ಜಿಲ್ಲಾಡಳಿತ ಸಭೆ ಕರೆದು ಬೆಲ್ಟ್ ಮಷಿನ್‌ಗೆ ಗಂಟೆಗೆ ಇಷ್ಟು, ಟೈರ್ ಮಷಿನ್‌ಗೆ ಇಷ್ಟು ಅಂತ ದರ ನಿಗದಿ ಮಾಡಿದೆ. ನ್ಯಾಯವಾದ ಗಲಾಟೆಯೇ, ಅನುಮಾನ ಬೇಡ. ಆದರೆ ಅದೇ ಯಂತ್ರ ಗದ್ದೆಯಲ್ಲಿ ಎಷ್ಟು ಕಾಳು ಚೆಲ್ಲಿಹೋಯಿತು ಅನ್ನೋದು ಮಾತ್ರ ಸಭೆಯ ಚರ್ಚೆಗೆ ಬರೋದು ಅಪರೂಪ.

ಒಂದು ಸಣ್ಣ ಲೆಕ್ಕ ಹಾಕೋಣ. ಎಕರೆಗೆ 25 ಕ್ವಿಂಟಲ್ ಭತ್ತ ಬರುವ ಗದ್ದೆ ಅಂತಿಟ್ಟುಕೊಳ್ಳಿ. ಚೆನ್ನಾಗಿ ಹೊಂದಿಸಿದ ಯಂತ್ರ ಶೇ 2ರಷ್ಟು ಕಾಳು ಕಳೆದರೆ ನಷ್ಟ 50 ಕಿಲೋ. ಹೊಂದಿಸದ ಯಂತ್ರ ಶೇ 5ರಷ್ಟು ಕಳೆದರೆ 125 ಕಿಲೋ. ವ್ಯತ್ಯಾಸ 75 ಕಿಲೋ. 2025-26ರ ಮುಂಗಾರು ಹಂಗಾಮಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಅಂದ್ರೆ ಎಕರೆಗೆ ಹತ್ತಿರ ಹತ್ತಿರ 1,775 ರೂಪಾಯಿ ಮಣ್ಣುಪಾಲು. ಬಾಡಿಗೆಯಲ್ಲಿ ನೂರು, ಇನ್ನೂರು ಇಳಿಸಲು ಒಂದು ದಿನ ಧರಣಿ ಕೂರುವ ನಾವು, ಈ ಹಣದ ಬಗ್ಗೆ ಒಂದು ಮಾತೂ ಆಡೋದಿಲ್ಲ. ಏಕೆಂದರೆ ಬಾಡಿಗೆ ಜೇಬಿನಿಂದ ಹೋಗೋದು ಕಾಣುತ್ತೆ, ಹುಲ್ಲಿನಡಿ ಬಿದ್ದ ಕಾಳು ಕಾಣೋಲ್ಲ.

ಈ ನಷ್ಟದ ದೊಡ್ಡ ಪಾಲು ಯಂತ್ರದ ಸೆಟ್ಟಿಂಗ್‌ನಲ್ಲಿದೆ. ಸೆಟ್ಟಿಂಗ್ ಅಂದರೇನು, ಬೆಳೆಯಿಂದ ಬೆಳೆಗೆ ಅದು ಹೇಗೆ ಬದಲಾಗಬೇಕು, ಬದಲಾಗದೆ ಉಳಿಯಲು ಕಾರಣವೇನು - ಒಂದೊಂದಾಗಿ ನೋಡೋಣ.

ಚಕ್ರದ ಮೇಲಿನ ಕಣ

ಕಂಬೈನ್ ಹಾರ್ವೆಸ್ಟರ್ ಅನ್ನೋ ಹೆಸರಲ್ಲೇ ಅದರ ಕೆಲಸವಿದೆ. ಮೊದಲು ಬೇರೆ ಬೇರೆಯಾಗಿದ್ದ ಮೂರು ಕೆಲಸಗಳನ್ನು ಅದು ಒಟ್ಟುಗೂಡಿಸುತ್ತೆ: ಕೊಯ್ಯುವುದು, ಬಡಿಯುವುದು, ತೂರುವುದು. ಅಜ್ಜ-ಅಜ್ಜಿ ಕಾಲದಲ್ಲಿ ಕುಡುಗೋಲು, ರೋಣಗಲ್ಲು, ಮೊರ ಮಾಡುತ್ತಿದ್ದ ಕೆಲಸಗಳೇ ಇವು. ಕಣವನ್ನೇ ಎತ್ತಿ ಚಕ್ರದ ಮೇಲೆ ಇಟ್ಟ ಹಾಗೆ.

ಮುಂದೆ ತಿರುಗುವ ರೀಲ್ ಬೆಳೆಯನ್ನು ಕಟ್ಟರ್ ಬಾರ್ ಕಡೆಗೆ ಬಗ್ಗಿಸುತ್ತೆ, ಕಟ್ಟರ್ ಬಾರ್ ಕೊಯ್ಯುತ್ತೆ, ಆಗರ್ ಅನ್ನೋ ತಿರುಪು ಅದನ್ನು ನಡುವಿಗೆ ತಂದು ಒಳಗೆ ತಳ್ಳುತ್ತೆ. ಒಳಗೆ ಡ್ರಮ್ ಜೋರಾಗಿ ತಿರುಗುತ್ತಿರುತ್ತೆ. ಅದರ ಕೆಳಗೆ ಅರ್ಧಚಂದ್ರದ ಹಾಗೆ ಬಾಗಿದ ಜಾಲರಿ, ಅದೇ ಕಾನ್‌ಕೇವ್. ಡ್ರಮ್ ಮತ್ತು ಕಾನ್‌ಕೇವ್ ನಡುವಿನ ಸಂದಿಯಲ್ಲಿ ತೆನೆ ಉಜ್ಜಿಕೊಂಡು ಕಾಳು ಉದುರುತ್ತೆ. ಹುಲ್ಲು ಹಿಂದಕ್ಕೆ ಹೋಗುವಾಗ ಸ್ಟ್ರಾ ವಾಕರ್ ಅದನ್ನು ಕುಲುಕಿ, ಸಿಕ್ಕಿಕೊಂಡ ಕಾಳನ್ನು ಬಿಡಿಸುತ್ತೆ. ಕೊನೆಗೆ ಎರಡು ಜರಡಿ ಮತ್ತು ಒಂದು ಫ್ಯಾನ್ ಸೇರಿ ಹೊಟ್ಟು, ಜೊಳ್ಳು ಹಾರಿಸಿ, ಗಟ್ಟಿ ಕಾಳನ್ನು ಟ್ಯಾಂಕಿಗೆ ಕಳಿಸುತ್ತವೆ. ಪೂರ್ತಿ ಬಿಡದ ತೆನೆ ಚೂರುಗಳು ಇನ್ನೊಂದು ಎಲಿವೇಟರ್ ಹತ್ತಿ ಮತ್ತೆ ಡ್ರಮ್ಮಿಗೆ ವಾಪಸ್ ಬರುತ್ತವೆ.

ನಮ್ಮ ಹೊಲಗಳಿಗೆ ಬರುವ ಎಷ್ಟೋ ಟೈರ್ ಮಷಿನ್‌ಗಳು ಪಂಜಾಬಿನ ನಾಭಾ, ಭಾದ್ಸೋಂ, ಪಟಿಯಾಲ ಸುತ್ತಲಿನ ಕಾರ್ಖಾನೆಗಳಲ್ಲಿ ತಯಾರಾದವು. ಅಲ್ಲಿನ ಬದುಕು ಗೋಧಿ ಮತ್ತು ಭತ್ತ. ಕರ್ನಾಟಕದ ಬದುಕು ಹಾಗಿಲ್ಲ. ಗಂಗಾವತಿ, ಸಿಂಧನೂರಿನಲ್ಲಿ ಭತ್ತ, ದಾವಣಗೆರೆ, ಹಾವೇರಿಯಲ್ಲಿ ಮೆಕ್ಕೆಜೋಳ, ಕಲಬುರಗಿಯಲ್ಲಿ ತೊಗರಿ, ಬೀದರ್, ಧಾರವಾಡದಲ್ಲಿ ಸೋಯಾ, ಗದಗದಲ್ಲಿ ಕಡಲೆ, ತುಮಕೂರು, ಹಾಸನದಲ್ಲಿ ರಾಗಿ. ಒಂದರ ಕಾಳು ಇನ್ನೊಂದರ ನೂರುಪಟ್ಟು ತೂಕ. ಇಷ್ಟಕ್ಕೂ ಒಂದೇ ಸೆಟ್ಟಿಂಗ್ ಸಾಕು ಅನ್ನೋದು, ಮನೆಮಂದಿಗೆಲ್ಲ ಒಂದೇ ಅಳತೆಯ ಚಪ್ಪಲಿ ತಂದ ಹಾಗೆ.

ತಿರುಗಿಸಬೇಕಾದದ್ದು ಐದೇ ಐದು

ಯಂತ್ರದಲ್ಲಿ ನೂರಾರು ಭಾಗಗಳಿವೆ. ಆದರೆ ಬೆಳೆ ಬದಲಾದಾಗ ಮುಖ್ಯವಾಗಿ ಬದಲಾಗಬೇಕಾದವು ಐದು.

ಒಂದು, ರೀಲ್. ಯಂತ್ರ ಮುಂದೆ ಹೋಗುವ ವೇಗಕ್ಕಿಂತ ರೀಲಿನ ಅಂಚಿನ ವೇಗ ಸ್ವಲ್ಪ ಹೆಚ್ಚಿರಬೇಕು. ಸಾಮಾನ್ಯವಾಗಿ ಕಾಲು ಪಾಲಿನಷ್ಟು ಹೆಚ್ಚು. ಅತಿಯಾದರೆ ರೀಲೇ ತೆನೆಗೆ ಹೊಡೆದು ಕಾಳು ಉದುರಿಸುತ್ತೆ. ಕಡಿಮೆಯಾದರೆ ಕೊಯ್ದ ಬೆಳೆ ಒಳಗೆ ಬರದೆ ಮುಂದಕ್ಕೆ ಬೀಳುತ್ತೆ. ಮಳೆ-ಗಾಳಿಗೆ ಮಲಗಿದ ಭತ್ತಕ್ಕೆ ಲೆಕ್ಕ ಬೇರೆ: ರೀಲ್ ಕೆಳಗಿಳಿಸಿ, ಮುಂದಕ್ಕೆ ಚಾಚಿ, ಅದರ ಕಡ್ಡಿಗಳನ್ನು ಹಿಂದಕ್ಕೆ ಓರೆಮಾಡಿ, ಬೆಳೆ ಬಿದ್ದ ದಿಕ್ಕಿಗೆ ಎದುರಾಗಿ ಹೋಗಬೇಕು.

ಎರಡು, ಡ್ರಮ್ಮಿನ ವೇಗ. ಇಲ್ಲಿ ಎಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತಿರುವ ಒಂದು ಸೂತ್ರ ಕೆಲಸಕ್ಕೆ ಬರುತ್ತೆ. ಕಾಳಿಗೆ ತಟ್ಟುವುದು ಆರ್‌ಪಿಎಂ ಅಲ್ಲ, ಡ್ರಮ್ಮಿನ ಅಂಚಿನ ವೇಗ. ಡ್ರಮ್ಮಿನ ಸುತ್ತಳತೆಯನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 60ರಿಂದ ಭಾಗಿಸಿದರೆ ಅದು ಸಿಗುತ್ತೆ. 60 ಸೆಂಟಿಮೀಟರ್ ವ್ಯಾಸದ ಡ್ರಮ್ 800 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 25 ಮೀಟರ್. ಅಂದ್ರೆ ಗಂಟೆಗೆ 90 ಕಿಲೋಮೀಟರ್. ಹೈವೇಯಲ್ಲಿ ಓಡುವ ಬಸ್ಸು ಒಂದು ಕಡಲೆ ಕಾಳಿಗೆ ಗುದ್ದಿದ ಹಾಗೆ! ಡ್ರಮ್ಮಿನ ವ್ಯಾಸ ಬೇರೆಯಾದರೆ ಅದೇ ಆರ್‌ಪಿಎಂ ಬೇರೆ ಪೆಟ್ಟು ಕೊಡುತ್ತೆ. 'ಪಕ್ಕದ ಮಷಿನ್ 800ಕ್ಕೆ ಇಟ್ಟಿದ್ದಾರೆ' ಅನ್ನೋದು ಆಧಾರವಾಗದಿರಲು ಇದೇ ಕಾರಣ.

ಮೂರು, ಕಾನ್‌ಕೇವ್ ಸಂದಿ. ಸಂದಿ ಕಿರಿದಾದಷ್ಟೂ ಉಜ್ಜುವುದು ಹೆಚ್ಚು. ತೀರಾ ಕಿರಿದಾದರೆ ಹುಲ್ಲೂ ಪುಡಿಯಾಗಿ ಜರಡಿ ಕಟ್ಟಿಕೊಳ್ಳುತ್ತೆ. ತೀರಾ ಅಗಲವಾದರೆ ತೆನೆಯಲ್ಲೇ ಕಾಳು ಉಳಿಯುತ್ತೆ.

ನಾಲ್ಕು, ಜರಡಿ ಮತ್ತು ಫ್ಯಾನ್. 'ಗಾಳಿ ಬಂದಾಗ ತೂರಿಕೋ' ಅಂದರು ಹಿರಿಯರು. ಯಂತ್ರದಲ್ಲಿ ಗಾಳಿ ಯಾವಾಗಲೂ ಇರುತ್ತೆ, ಎಷ್ಟು ಬೇಕು ಅನ್ನೋದೇ ಪ್ರಶ್ನೆ. ಜಾಸ್ತಿ ಗಾಳಿ ಕಾಳನ್ನೇ ಹಾರಿಸುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಕಡಿಮೆ ಗಾಳಿಯಿಂದಲೂ ಕಾಳು ಹೊರಗೆ ಹೋಗುತ್ತೆ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ಹೊಟ್ಟು ಹಾರದೆ ಜರಡಿ ಮೇಲೆ ಚಾಪೆಯ ಹಾಗೆ ಹಾಸಿಕೊಂಡರೆ, ಕಾಳು ಆ ಚಾಪೆ ಮೇಲೇ ಸವಾರಿ ಮಾಡಿ ಹಿಂದಿನಿಂದ ಬೀಳುತ್ತೆ.

ಐದು, ಯಂತ್ರದ ನಡೆ. ವಾಕರ್ ಮತ್ತು ಜರಡಿಗಳಿಗೆ ಒಂದು ಮಿತಿ ಇದೆ. ಆ ಮಿತಿಯೊಳಗೆ ನಷ್ಟ ನಿಧಾನವಾಗಿ ಏರುತ್ತೆ. ಮಿತಿ ದಾಟಿದ ಮೇಲೆ ವೇಗ ಸ್ವಲ್ಪ ಹೆಚ್ಚಿಸಿದರೂ ನಷ್ಟ ಬಹಳ ಹೆಚ್ಚುತ್ತೆ. ಹೀಗಾಗಿ ಬೇರೆಲ್ಲ ಸರಿಯಿದ್ದೂ ಹಿಂದೆ ಕಾಳು ಬೀಳುತ್ತಿದ್ದರೆ ಮೊದಲ ಮದ್ದು ಗೇರ್ ಇಳಿಸೋದು.

ಬೆಳೆವಾರು: ಎಲ್ಲಿಂದ ಶುರು ಮಾಡಬೇಕು

ಕೆಳಗಿನ ಅಂಕಿಗಳು ಶುರು ಮಾಡೋದಕ್ಕೆ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಆವರಣದಲ್ಲಿರುವುದು 60 ಸೆಂಟಿಮೀಟರ್ ಡ್ರಮ್ಮಿನ ಅಂದಾಜು ಆರ್‌ಪಿಎಂ.

- ಗೋಧಿ: ಅಂಚಿನ ವೇಗ ಸೆಕೆಂಡಿಗೆ 25-30 ಮೀಟರ್ (800-950), ಸಂದಿ 5-13 ಮಿಲಿಮೀಟರ್
- ಭತ್ತ: 20-25 ಮೀಟರ್ (640-800), ಸಂದಿ 5-10 ಮಿ.ಮೀ.
- ಜೋಳ: 20-25 ಮೀಟರ್ (640-800), ಸಂದಿ 6-13 ಮಿ.ಮೀ.
- ಸೋಯಾ: 13-18 ಮೀಟರ್ (410-570), ಸಂದಿ 10-20 ಮಿ.ಮೀ.
- ಮೆಕ್ಕೆಜೋಳ: 13-18 ಮೀಟರ್ (410-570), ಸಂದಿ 22-30 ಮಿ.ಮೀ.
- ಕಡಲೆ, ತೊಗರಿ: 8-15 ಮೀಟರ್ (250-480), ಸಂದಿ 10-20 ಮಿ.ಮೀ.

ಗೋಧಿಯ ಸೆಟ್ಟಿಂಗ್‌ನಲ್ಲೇ ಕಡಲೆ ಹೊಲಕ್ಕೆ ಇಳಿದ ಯಂತ್ರ ಏನು ಮಾಡುತ್ತೆ ಅನ್ನೋದು ಈ ಪಟ್ಟಿ ನೋಡಿದರೇ ಅರ್ಥವಾಗುತ್ತೆ. ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಬಡಿದು, ಹೊಲದಲ್ಲೇ ಬೇಳೆ ಮಾಡಿಕೊಡುತ್ತೆ.

ಭತ್ತ: ಇದಕ್ಕೆ ಹಲ್ಲಿನ ಡ್ರಮ್ ಹೆಚ್ಚು ಬಳಕೆ. ಗೋಧಿಗೆ ಬಳಸುವ ಪಟ್ಟಿ ಡ್ರಮ್ ಉಜ್ಜುತ್ತೆ, ಹಲ್ಲಿನದ್ದು ಬಾಚುತ್ತೆ. ಕಾಳಿನಲ್ಲಿ ಶೇ 20ರಿಂದ 24ರಷ್ಟು ತೇವ ಇದ್ದಾಗ ಕೊಯ್ದರೆ ಅಕ್ಕಿ ನುಚ್ಚಾಗೋದು ಕಡಿಮೆ. ಆದರೆ ಖರೀದಿ ಕೇಂದ್ರದ ಮಿತಿ ಶೇ 17. ಅಂದ್ರೆ ಕೊಯ್ದ ಮೇಲೆ ಒಣಗಿಸಲು ಕಣ ಬೇಕು, ಅದಿಲ್ಲದವರು ಗದ್ದೆಯಲ್ಲೇ ಒಣಗಲು ಬಿಡುತ್ತಾರೆ. ಅತಿಯಾಗಿ ಒಣಗಿದ ಕಾಳಿಗೆ ಹಳೇ ವೇಗದಲ್ಲೇ ಪೆಟ್ಟು ಬಿದ್ದರೆ ಸೀಳುತ್ತೆ, ಗಿರಣಿಯಲ್ಲಿ ಮುರಿಯುತ್ತೆ. ಒಣಗಿದಷ್ಟೂ ಡ್ರಮ್ ನಿಧಾನ, ಇದು ನೆನಪಿರಲಿ. ಬೆಳಗಿನ ಇಬ್ಬನಿ ಆರುವವರೆಗೆ ಕಾಯುವುದೂ ಸೆಟ್ಟಿಂಗ್‌ನ ಭಾಗವೇ.

ಮೆಕ್ಕೆಜೋಳ: ಇದಕ್ಕೆ ಮುಂದಿನ ಭಾಗವೇ ಬೇರೆ ಬೇಕು. ಸಾಲಿಗೊಂದು ಮೂತಿ ಇರುವ ಹೆಡರ್ ದಂಟನ್ನು ಕೆಳಕ್ಕೆ ಎಳೆದು, ಎರಡು ಪಟ್ಟಿಗಳ ನಡುವೆ ತೆನೆಯನ್ನು ಮಾತ್ರ ಕಿತ್ತುಕೊಳ್ಳುತ್ತೆ. ಆ ಪಟ್ಟಿಗಳ ಸಂದಿ ತೆನೆಯ ಬುಡಕ್ಕಿಂತ ಕಿರಿದಾಗಿ, ದಂಟಿಗಿಂತ ಅಗಲವಾಗಿ ಇರಬೇಕು. ಅಗಲ ಹೆಚ್ಚಾದರೆ ತೆನೆಯ ಬುಡದ ಕಾಳು ಅಲ್ಲೇ ಉದುರುತ್ತೆ. ಒಳಗಿನ ಸೆಟ್ಟಿಂಗ್ ಸರಿಯಿದೆಯೇ ಅಂತ ತಿಳಿಯಲು ಹಿಂದೆ ಬಿದ್ದ ಬೆಂಡು ನೋಡಿ. ಬೆಂಡು ಇಡಿಯಾಗಿದ್ದು ಕಾಳು ಪೂರ್ತಿ ಬಿಟ್ಟಿದ್ದರೆ ಸರಿ. ಬೆಂಡು ಉದ್ದಕ್ಕೆ ಸೀಳಿ ಚೂರಾಗಿದ್ದರೆ ಪೆಟ್ಟು ಜಾಸ್ತಿ. ಇಡೀ ಬೆಂಡಿನಲ್ಲಿ ಕಾಳು ಅಂಟಿಕೊಂಡಿದ್ದರೆ ಪೆಟ್ಟು ಕಡಿಮೆ. ಬಿರುಕು ಬಿಟ್ಟ ಕಾಳಿಗೆ ಬೂಷ್ಟು ಬೇಗ ಹಿಡಿಯುತ್ತೆ. ಶೇ 14ರ ತೇವದ ಮಿತಿಗೆ ತರುವಷ್ಟರಲ್ಲಿ ಅರ್ಧ ರಾಶಿ ಕಪ್ಪಾಗಿರುತ್ತೆ.

ಸೋಯಾ: ಇಲ್ಲಿ ಕಳ್ಳ ಒಳಗಿಲ್ಲ, ಮುಂದಿದ್ದಾನೆ. ಯಂತ್ರದಿಂದಾಗುವ ನಷ್ಟದ ಬಹುಪಾಲು ಹೆಡರ್‌ನಲ್ಲೇ ಆಗುತ್ತೆ. ಕೆಳಗಿನ ಕಾಯಿ ನೆಲಕ್ಕೆ ತೀರಾ ಹತ್ತಿರ, ಕಟ್ಟರ್ ಬಾರ್ ಸ್ವಲ್ಪ ಮೇಲೆ ಹೋದರೂ ಅಷ್ಟೂ ಕಾಯಿ ಹೊಲಕ್ಕೇ. ಮೊಂಡಾದ ಬ್ಲೇಡ್ ಗಿಡವನ್ನು ಕೊಯ್ಯೋ ಬದಲು ಅಲುಗಾಡಿಸಿ ಕಾಯಿ ಒಡೆಯುತ್ತೆ. ಕಾಳಿನ ತೇವ ಶೇ 13-15 ಇರುವಾಗ ಕೊಯ್ಲು ಒಳ್ಳೇದು. ಮಟಮಟ ಮಧ್ಯಾಹ್ನ ಗಿಡ ಗರಿಗರಿಯಾದಾಗ ರೀಲ್ ಮುಟ್ಟಿದರೆ ಸಾಕು, ಕಾಯಿ ಸಿಡಿಯುತ್ತೆ. ಬೀಜಕ್ಕೆ ಇಟ್ಟುಕೊಳ್ಳುವವರು ಡ್ರಮ್ ಇನ್ನೂ ನಿಧಾನ ಮಾಡಬೇಕು. ಸೋಯಾ ಸಿಪ್ಪೆ ತೆಳು, ಹೊರಗೆ ಕಾಣದ ಬಿರುಕೂ ಮೊಳಕೆ ಕೆಡಿಸುತ್ತೆ.

ಕಡಲೆ: ನಮ್ಮ ಹಳೇ ತಳಿಗಳು ಗಿಡ್ಡ, ನೆಲಕ್ಕೆ ಹರಡಿಕೊಳ್ಳುತ್ತವೆ. ಯಂತ್ರ ತಗ್ಗಿಸಿದರೆ ಮಣ್ಣು, ಕಲ್ಲು ಒಳಗೆ. ಎತ್ತಿದರೆ ಕಾಯಿ ಹೊರಗೆ. ಇದಕ್ಕೆ ಸೆಟ್ಟಿಂಗ್ ಒಂದೇ ಉತ್ತರವಲ್ಲ, ತಳಿಯೂ ಬದಲಾಗಬೇಕು. ನೆಟ್ಟಗೆ, ಎತ್ತರಕ್ಕೆ ಬೆಳೆದು ಮೇಲೆ ಕಾಯಿ ಕಟ್ಟುವ ತಳಿಗಳು ಇದಕ್ಕೆಂದೇ ಬಂದಿವೆ: ಆಂಧ್ರದ ಎನ್‌ಬಿಇಜಿ 47, ಕರ್ನಾಟಕದ ಜಿಬಿಎಂ 2.

ತೊಗರಿ: ಕಾಯಿ ಒಣಗಿದ್ದರೂ ಕಾಂಡ ಹಸಿಯಾಗಿರುತ್ತೆ. ದಪ್ಪ ಕಾಂಡ ಒಳಗೆ ಹೋದಷ್ಟೂ ಯಂತ್ರಕ್ಕೂ ಕಷ್ಟ, ಕಾಳಿಗೆ ಹಸಿ ಕಲೆಯೂ ಹತ್ತುತ್ತೆ. ಹಾಗಾಗಿ ಕಾಯಿ ಇರುವ ಮಟ್ಟಕ್ಕಷ್ಟೇ ಕೊಯ್ಯಬೇಕು, ಡ್ರಮ್ ನಿಧಾನ, ಸಂದಿ ಅಗಲ. ಟ್ಯಾಂಕಿನಲ್ಲಿ ಹಳದಿ ಬೇಳೆ ಕಂಡರೆ ತಕ್ಷಣ ನಿಲ್ಲಿಸಿ.

ರಾಗಿ: ಇದು ಎಲ್ಲಕ್ಕಿಂತ ಸೂಕ್ಷ್ಮ. ಸಾವಿರ ಕಾಳು ಸೇರಿದರೂ ಎರಡೂವರೆ ಗ್ರಾಂ ಆಸುಪಾಸು. ಭತ್ತಕ್ಕೆ ಬಿಟ್ಟ ಗಾಳಿಯನ್ನೇ ಬಿಟ್ಟರೆ ರಾಗಿ ಹೊಟ್ಟಿನ ಜೊತೆ ಹಾರಿಹೋಗುತ್ತೆ. ಕೆಳಗಿನ ಜರಡಿ ಸಣ್ಣ ಕಣ್ಣಿನದಾಗಬೇಕು, ಫ್ಯಾನ್ ಕಡಿಮೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಏರಿಸಬೇಕು. ಇನ್ನೊಂದು ವಿಷಯ, ಸೋರಿಕೆ. ಎಲಿವೇಟರ್ ಬುಡದ ಬಾಗಿಲು, ಟ್ಯಾಂಕಿನ ಮೂಲೆ, ಸವೆದ ರಬ್ಬರ್ - ಭತ್ತ ಸೋರದ ಜಾಗದಲ್ಲೆಲ್ಲ ರಾಗಿ ಸೋರುತ್ತೆ. ಹೊಲಕ್ಕಿಳಿಯೋ ಮೊದಲು ಟಾರ್ಪಾಲಿನ್ ಹಾಸಿ, ಟ್ಯಾಂಕಿಗೆ ನಾಲ್ಕು ಸೇರು ರಾಗಿ ಸುರಿದು, ಖಾಲಿ ಯಂತ್ರ ಓಡಿಸಿ ನೋಡಿದರೆ ತಿಳಿಯುತ್ತೆ.

ಜೋಳ: ಇಲ್ಲಿ ಪ್ರಶ್ನೆ ಕಾಳಿನದ್ದಷ್ಟೇ ಅಲ್ಲ, ಮೇವಿನದ್ದು. ಹಿಂಗಾರಿಯ ಮಾಲ್ದಂಡಿ ಎತ್ತರದ ಜೋಳ. ದನ ಕಟ್ಟಿದವರಿಗೆ ಅದರ ಕಣಿಕೆಯೇ ಅರ್ಧ ಬೆಳೆ. ಎತ್ತರಕ್ಕೆ ತೆನೆ ಮಾತ್ರ ಕೊಯ್ದು ಕಣಿಕೆ ಉಳಿಸಿಕೊಳ್ಳಬೇಕೋ, ಕೈ ಕೊಯ್ಲೇ ಲೇಸೋ ಅನ್ನೋದನ್ನ ಮನೆಯವರು ಕೂತು ಮೊದಲೇ ನಿರ್ಧರಿಸಬೇಕು. ಆಪರೇಟರ್ ಬಂದು ನಿಂತಾಗ ಅಲ್ಲ.

ಯಂತ್ರವೇ ಹೇಳುತ್ತೆ, ನೋಡಬೇಕಷ್ಟೇ

ಸೆಟ್ಟಿಂಗ್ ಸರಿಯಿದೆಯಾ ಅಂತ ನೋಡಲು ಮೂರು ಜಾಗ ಸಾಕು: ಟ್ಯಾಂಕು, ಹಿಂದಿನ ಹುಲ್ಲು, ನೆಲ.

- ಟ್ಯಾಂಕಿನಲ್ಲಿ ಒಡೆದ ಕಾಳು: ಮೊದಲು ಡ್ರಮ್ ವೇಗ ಇಳಿಸಿ, ಆಮೇಲೆ ಸಂದಿ ಅಗಲ ಮಾಡಿ. ಕಾಳು ಒಡೆಯೋದರಲ್ಲಿ ವೇಗದ ಪಾತ್ರವೇ ದೊಡ್ಡದು.
- ಹಿಂದೆ ಬಿದ್ದ ತೆನೆಯಲ್ಲಿ ಕಾಳು ಉಳಿದಿದೆ: ಮೊದಲು ಸಂದಿ ಕಿರಿದು ಮಾಡಿ, ಸಾಲದಿದ್ದರೆ ಮಾತ್ರ ವೇಗ ಸ್ವಲ್ಪ ಏರಿಸಿ.
- ಟ್ಯಾಂಕು ಸ್ವಚ್ಛ, ಆದರೆ ಹಿಂದೆ ಬಿಡಿಕಾಳು: ಗಾಳಿ ಜಾಸ್ತಿ ಅಥವಾ ಮೇಲಿನ ಜರಡಿ ಮುಚ್ಚಿಕೊಂಡಿದೆ.
- ಟ್ಯಾಂಕಿನಲ್ಲೂ ಕಸ, ಹಿಂದೆಯೂ ಬಿಡಿಕಾಳು: ಗಾಳಿ ಕಡಿಮೆ, ಅಥವಾ ಯಂತ್ರ ತಿನ್ನಲಾಗದಷ್ಟು ವೇಗವಾಗಿ ಓಡುತ್ತಿದೆ.
- ವಾಪಸ್ ಎಲಿವೇಟರ್ ತುಂಬ ಗಟ್ಟಿ ಕಾಳು: ಕೆಳಗಿನ ಜರಡಿ ಕಿರಿದಾಗಿದೆ. ಒಮ್ಮೆ ಬಿಟ್ಟ ಕಾಳು ಮತ್ತೆ ಡ್ರಮ್ಮಿಗೆ ಹೋಗಿ ಒಡೆಯುತ್ತೆ.

ಒಂದು ನಿಯಮ ಮೀರಬೇಡಿ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಪ್ಪತ್ತು ಮೂವತ್ತು ಮೀಟರ್ ಓಡಿಸಿ, ಮತ್ತೆ ನೋಡಿ. ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದು ಕೆಲಸ ಮಾಡಿತು ಅಂತ ಯಾರಿಗೂ ತಿಳಿಯೋಲ್ಲ. ಇನ್ನೊಂದು ನಿಯಮ ಜೀವದ್ದು: ಎಂಜಿನ್ ಆಫ್ ಆಗಿ, ಕೀಲಿ ಜೇಬಿಗೆ ಬಂದು, ಡ್ರಮ್ ಪೂರ್ತಿ ನಿಂತ ಮೇಲಷ್ಟೇ ಒಳಗೆ ಕೈ ಹಾಕಬೇಕು.

ನಷ್ಟ ಅಳೆಯಲು ಒಂದು ಹಗ್ಗ ಸಾಕು

'ತುಂಬಾ ಚೆಲ್ಲಿದೆ' ಅಂತ ರೈತ, 'ಅಷ್ಟೇನಿಲ್ಲ ಬಿಡಿ' ಅಂತ ಆಪರೇಟರ್. ಈ ಜಗಳ ಮುಗಿಯಬೇಕಾದರೆ ಅಳತೆ ಬೇಕು. ನಾಲ್ಕು ಮೀಟರ್ ಹಗ್ಗದ ತುದಿಗಳನ್ನು ಗಂಟುಹಾಕಿ, ನಾಲ್ಕು ಗೂಟಕ್ಕೆ ಚೌಕ ಕಟ್ಟಿ. ಅದು ಒಂದು ಚದರ ಮೀಟರ್. ಒಂದು ಎಕರೆ ಅಂದ್ರೆ 4,047 ಚದರ ಮೀಟರ್. ಹಾಗಾಗಿ ಚೌಕದಲ್ಲಿ ಸಿಕ್ಕ 1 ಗ್ರಾಂ ಕಾಳು ಅಂದ್ರೆ ಎಕರೆಗೆ ಸುಮಾರು 4 ಕಿಲೋ. ತಕ್ಕಡಿ ಇಲ್ಲದಿದ್ದರೆ ಎಣಿಸಿ: 1 ಗ್ರಾಂ ಅಂದ್ರೆ ಮೆಕ್ಕೆಜೋಳದ ಸುಮಾರು 4 ಕಾಳು, ಸೋಯಾದ 8, ತೊಗರಿಯ 10, ಗೋಧಿಯ 25, ಭತ್ತದ 50. ರಾಗಿ ಎಣಿಸಲು ಹೋಗಬೇಡಿ, 400 ಆಗುತ್ತೆ!

ಎಲ್ಲಿ ಅಳೆಯಬೇಕು? ಕೊಯ್ಲಿನ ನಡುವೆ ಯಂತ್ರ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತೆಗೆಸಿ. ಈಗ ನಿಮ್ಮ ಮುಂದೆ ಮೂರು ಪಟ್ಟಿಗಳಿವೆ. ಇನ್ನೂ ಕೊಯ್ಯದ ಬೆಳೆಯ ಬುಡದಲ್ಲಿ ಬಿದ್ದದ್ದು ಯಂತ್ರದ ತಪ್ಪಲ್ಲ, ಅದು ಮೊದಲೇ ಉದುರಿದ್ದು. ಕೊಯ್ದಾಗಿದೆ, ಆದರೆ ಯಂತ್ರದ ಹಿಂಭಾಗ ಇನ್ನೂ ಮೇಲೆ ಹಾದಿಲ್ಲದ ಜಾಗದಲ್ಲಿ ಸಿಕ್ಕಿದ್ದರಲ್ಲಿ ಮೊದಲನೆಯದನ್ನು ಕಳೆದರೆ ಹೆಡರ್ ನಷ್ಟ. ಯಂತ್ರದ ಹಿಂದೆ, ಹುಲ್ಲಿನ ಸಾಲಿನಡಿ ಸಿಕ್ಕಿದ್ದರಲ್ಲಿ ಈ ಎರಡನ್ನೂ ಕಳೆದರೆ ಒಳಗಿನ ನಷ್ಟ.

ಹುಲ್ಲಿನ ಸಾಲಿನ ಲೆಕ್ಕದಲ್ಲಿ ಒಂದು ಎಚ್ಚರಿಕೆ. 4.2 ಮೀಟರ್ ಅಗಲದ ಹೆಡರ್ ಕೊಯ್ದದ್ದು ಹಿಂದೆ 1.4 ಮೀಟರ್ ಸಾಲಿನಲ್ಲಿ ಬಿದ್ದರೆ, ನಷ್ಟವೂ ಮೂರು ಪಟ್ಟು ದಟ್ಟವಾಗಿ ಕಾಣುತ್ತೆ. ಒಳಗಿನ ನಷ್ಟವನ್ನು ಮೂರರಿಂದ ಭಾಗಿಸಬೇಕು. ಭತ್ತದಲ್ಲಿ ಆ ಲೆಕ್ಕ 300 ಕಾಳು ಬಂದರೆ ನಿಜದಲ್ಲಿ 100, ಅಂದ್ರೆ 2 ಗ್ರಾಂ, ಎಕರೆಗೆ 8 ಕಿಲೋ. 25 ಕ್ವಿಂಟಲ್ ಗದ್ದೆಗೆ ಅದು ಶೇ 1ಕ್ಕಿಂತ ಕಡಿಮೆ, ಆಪರೇಟರ್‌ಗೆ ಶಹಬ್ಬಾಸ್ ಹೇಳಬೇಕು. ಅಳತೆ ರೈತನ ಪರ ಮಾತ್ರ ಅಲ್ಲ, ಚೆನ್ನಾಗಿ ಕೆಲಸ ಮಾಡುವ ಆಪರೇಟರ್ ಪರವೂ ಹೌದು.

ಹೊಂದಿಸುವ ಸಮಯ ಯಾರದ್ದು?

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡೋಲ್ಲ? ಆಪರೇಟರ್ ಸೋಮಾರಿ ಅನ್ನೋದು ಸುಲಭದ ಉತ್ತರ. ನಿಜವಾದ ಉತ್ತರ ಬಾಡಿಗೆ ಲೆಕ್ಕದಲ್ಲಿದೆ.

ಗಂಟೆ ಲೆಕ್ಕದ ಬಾಡಿಗೆಯಲ್ಲಿ ಯಂತ್ರ ನಿಂತ ಪ್ರತಿ ನಿಮಿಷ ರೈತನ ಜೇಬಿನದ್ದು. ಹಾಗಾಗಿ 'ಬೇಗ ಹೊಡಿಯಪ್ಪಾ' ಅನ್ನೋದು ರೈತನೇ. ಎಕರೆ ಲೆಕ್ಕದಲ್ಲಿ ಯಂತ್ರ ನಿಂತರೆ ಮಾಲೀಕನಿಗೆ ನಷ್ಟ, ಹಾಗಾಗಿ ಓಡಿಸೋದು ಆಪರೇಟರ್. ಎರಡರಲ್ಲೂ ಹದಿನೈದು ನಿಮಿಷದ ಹೊಂದಾಣಿಕೆಗೆ ಹಣ ಕೊಡುವವರು ಯಾರೂ ಇಲ್ಲ. ಚೆಲ್ಲಿದ ಕಾಳಿನ ನಷ್ಟ ಮಾತ್ರ ಎರಡರಲ್ಲೂ ರೈತನದ್ದೇ. ಗುತ್ತಿಗೆಗೆ ಮಾಡಿದವರಾದರೆ ಅದು ಇನ್ನೂ ಬಿರುಸು: ಜಮೀನಿನ ಮಾಲೀಕನಿಗೆ ಕೊಡಬೇಕಾದ ಚೀಲ ಕಡಿಮೆ ಆಗೋಲ್ಲ, ಚೆಲ್ಲಿದ್ದೆಲ್ಲ ಇವರ ಪಾಲಿನಿಂದಲೇ.

ಆಪರೇಟರ್ ಕಡೆಯಿಂದಲೂ ನೋಡಿ. ಪಂಜಾಬಿನಿಂದಲೋ ತಮಿಳುನಾಡಿನಿಂದಲೋ ಬಂದವರು, ಹಂಗಾಮು ಮುಗಿಯುವವರೆಗೆ ಯಂತ್ರದ ಪಕ್ಕವೇ ಮಲಗುವವರು. ಊರಿನ ಏಜೆಂಟ್ ಮುಂದಿನ ಹೊಲದ ಹೆಸರು ಆಗಲೇ ಬರೆದುಕೊಂಡಿರುತ್ತಾನೆ. ಭತ್ತದ ಜಾಲರಿ ಬಿಚ್ಚಿ ಸೋಯಾದ್ದು ಹಾಕಲು ಅರ್ಧ ದಿನ ಹೋದರೆ ಅದರ ಕೂಲಿ ಯಾರು ಕೊಡಬೇಕು? ಎಷ್ಟೋ ಸಲ ಬದಲಿ ಜರಡಿ, ಬದಲಿ ಕಾನ್‌ಕೇವ್ ಯಂತ್ರದ ಜೊತೆ ಬಂದಿರೋದೇ ಇಲ್ಲ. ಅವರಿಗೆ ಕನ್ನಡ ಬರೋಲ್ಲ, ರೈತನಿಗೆ ಪಂಜಾಬಿ ಬರೋಲ್ಲ. ನಡುವೆ ಏಜೆಂಟ್ ಅನುವಾದ ಮಾಡೋದು ಹಣದ ಮಾತನ್ನಷ್ಟೇ.

ಈ ಲೆಕ್ಕದಿಂದ ಇನ್ನೊಬ್ಬರು ಕಾಣೆಯಾಗಿದ್ದಾರೆ. ಕೈ ಕೊಯ್ಲಿನ ಕಾಲದಲ್ಲಿ ಹೊಲದಲ್ಲಿ ಉಳಿದ ತೆನೆ ಪೂರ್ತಿ ನಷ್ಟವಾಗುತ್ತಿರಲಿಲ್ಲ. ಭೂಮಿ ಇಲ್ಲದ ಹೆಣ್ಣುಮಕ್ಕಳು ಹಕ್ಕಲು ಆಯುತ್ತಿದ್ದರು, ಅದು ಒಂದಷ್ಟು ದಿನದ ಊಟ. ಯಂತ್ರ ಬಂದು ಅವರ ಕೊಯ್ಲಿನ ಕೂಲಿ ಹೋಯಿತು, ಜೊತೆಗೆ ಹಕ್ಕಲೂ ಹೋಯಿತು. ಯಂತ್ರ ಚೆಲ್ಲೋದು ತೆನೆಯನ್ನಲ್ಲ, ಬಿಡಿಕಾಳನ್ನ. ಹುಲ್ಲಿನ ಪುಡಿಯಲ್ಲಿ, ಮಣ್ಣಿನ ಬಿರುಕಿನಲ್ಲಿ ಬಿದ್ದ ಕಾಳನ್ನು ಯಾರ ಬೆರಳೂ ಆಯಲಾರದು. ಮೊದಲು ರೈತನ ಕೈತಪ್ಪಿದ್ದು ಇನ್ನೊಂದು ಮನೆಯ ಒಲೆಗೆ ಸೇರುತ್ತಿತ್ತು. ಈಗ ಯಾರ ಮನೆಗೂ ಸೇರೋಲ್ಲ.

ದೇಶದ ಮಟ್ಟದಲ್ಲಿ ಇದು ಸಣ್ಣ ವಿಷಯವಲ್ಲ. ಲುಧಿಯಾನದ ಸಿಫೆಟ್ ಅನ್ನೋ ಕೇಂದ್ರೀಯ ಸಂಸ್ಥೆ 2015ರಲ್ಲಿ ಕೊಟ್ಟ ವರದಿ ಪ್ರಕಾರ, ಕೊಯ್ಲಿನಿಂದ ದಾಸ್ತಾನಿನವರೆಗೆ ಆಗುವ ನಷ್ಟ ಏಕದಳ ಧಾನ್ಯಗಳಲ್ಲಿ ಶೇ 4.65ರಿಂದ 5.99, ದ್ವಿದಳ ಧಾನ್ಯಗಳಲ್ಲಿ ಶೇ 6.36ರಿಂದ 8.41. ಸೋಯಾದಲ್ಲಿ ಹತ್ತಿರ ಹತ್ತಿರ ಶೇ 10. ಇದೆಲ್ಲ ಯಂತ್ರದ್ದೇ ಅಲ್ಲ, ಆದರೆ ಕೊಯ್ಲು-ಒಕ್ಕಣೆಯ ಪಾಲು ಇದರಲ್ಲಿ ದೊಡ್ಡದು.

ಹಾಗಾದರೆ ಏನು ಕೇಳಬೇಕು?

ಸರ್ಕಾರ ಯಂತ್ರಕ್ಕೆ ಹಣ ಕೊಡುತ್ತಿಲ್ಲ ಅಂತೇನಿಲ್ಲ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಮತ್ತು ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳು ಎರಡೂ 2014-15ರಿಂದ ನಡೆಯುತ್ತಿವೆ. 2023-24ರ ರಾಜ್ಯ ಬಜೆಟ್ ಹೈಟೆಕ್ ಹಾರ್ವೆಸ್ಟರ್ ಹಬ್‌ಗಳನ್ನು ಘೋಷಿಸಿತು. ಮಧ್ಯಪ್ರದೇಶದ ಬುದ್ನಿ, ಹರಿಯಾಣದ ಹಿಸಾರ್, ಪಕ್ಕದ ಅನಂತಪುರದ ಗಾರ್ಲದಿನ್ನೆಯಲ್ಲಿ ಕೃಷಿ ಯಂತ್ರಗಳ ಪರೀಕ್ಷೆ ಮತ್ತು ತರಬೇತಿಗೆ ಕೇಂದ್ರ ಸರ್ಕಾರದ ಸಂಸ್ಥೆಗಳಿವೆ. ಆದರೆ ಪರೀಕ್ಷೆಗೆ ನಿಂತ ಯಂತ್ರ ಚೆನ್ನಾಗಿ ಹೊಂದಿಸಿದ ಯಂತ್ರ. ನಿಮ್ಮ ಹೊಲಕ್ಕೆ ಬಂದದ್ದು ನಿನ್ನೆ ಬೇರೊಂದು ಬೆಳೆ ಕೊಯ್ದ ಯಂತ್ರ. ಸಬ್ಸಿಡಿ ಯಂತ್ರ ಎಷ್ಟು ಎಕರೆ ಕೊಯ್ದಿತು ಅಂತ ಕೇಳುತ್ತೇವೆ, ಎಷ್ಟು ಕಾಳು ಉಳಿಸಿತು ಅಂತ ಕೇಳೋಲ್ಲ.

ಕೇಳಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ, ನಾಲ್ಕು ವಿಷಯ. ಜಿಲ್ಲಾಧಿಕಾರಿಗಳ ದರ ಆದೇಶದಲ್ಲಿ ಒಂದು ಸಾಲು ಸೇರಲಿ: ಪ್ರತಿ ಹೊಸ ಹೊಲದಲ್ಲಿ ಮೊದಲ ಹದಿನೈದು ನಿಮಿಷ ಹೊಂದಾಣಿಕೆಗೆ, ಅದರ ಬಾಡಿಗೆ ರೈತ ಮತ್ತು ಮಾಲೀಕ ಅರ್ಧರ್ಧ. ಸಬ್ಸಿಡಿ ಪಡೆದ ಪ್ರತಿ ಯಂತ್ರದ ಜೊತೆ ಆ ಜಿಲ್ಲೆಯ ಬೆಳೆಗೆ ಬೇಕಾದ ಜರಡಿ, ಕಾನ್‌ಕೇವ್ ಕಡ್ಡಾಯವಾಗಲಿ. ಸೆಟ್ಟಿಂಗ್ ಪಟ್ಟಿ ಕನ್ನಡದಲ್ಲಿ, ಆಪರೇಟರ್‌ನ ಭಾಷೆಯಲ್ಲಿ ಎರಡರಲ್ಲೂ ಯಂತ್ರದ ಮೇಲೇ ಅಂಟಿರಲಿ. ಯಂತ್ರಧಾರೆ ಕೇಂದ್ರಗಳು ತಮ್ಮ ಯಂತ್ರದ ನಷ್ಟ ಅಳೆದು ಬೋರ್ಡಿನಲ್ಲಿ ಬರೆಯಲಿ, ಬಾಡಿಗೆ ದರದ ಪಕ್ಕದಲ್ಲೇ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಊರಿನ ರೈತ ಉತ್ಪಾದಕರ ಸಂಘ, ಯುವಕ ಸಂಘ ಯಾವುದೇ ಇರಲಿ, ಹತ್ತು ಜನ ಸೇರಿ ಏಜೆಂಟ್ ಜೊತೆ ಮಾತಾಡುವಾಗ ಇದನ್ನೂ ಸೇರಿಸಬಹುದು. ಒಬ್ಬ ರೈತ ಕೇಳಿದರೆ ಯಂತ್ರ ಮುಂದಿನ ಹೊಲಕ್ಕೆ ಹೋಗುತ್ತೆ. ಇಡೀ ಬಯಲಿನವರು ಕೇಳಿದರೆ ನಿಲ್ಲುತ್ತೆ. ನೀವು ಬೆಂಗಳೂರಿನಲ್ಲಿ ಕೂತು ಊರಿನ ಹೊಲದ ಲೆಕ್ಕ ಫೋನಿನಲ್ಲಿ ಕೇಳುವವರಾದರೆ, ಈ ಸಲ ಬಾಡಿಗೆ ಎಷ್ಟಾಯ್ತು ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: ಹಗ್ಗ ಹಾಸಿ ಎಣಿಸಿದ್ರಾ, ಚೌಕಕ್ಕೆ ಎಷ್ಟು ಕಾಳು ಬಿತ್ತು?